ಮೇಜಿನ ಮೇಲಿನ ಜೀವಕೋಶ: ರಕ್ತ ಪರೀಕ್ಷೆ ಮಾಡುವವನು ಕಂಡ ಒಂದು ಕಿಟ್

ಪೆಟ್ಟಿಗೆಯ ಮೇಲೆ ಹಸಿರು ಅಕ್ಷರದಲ್ಲಿ ಬರೆದಿತ್ತು: ‘ನಿಮ್ಮ ಮೇಜಿನ ಮೇಲೆಯೇ ಕೃತಕ ಜೀವಕೋಶ ತಯಾರಿಸಿ’. ಬೆಲೆ 9,450 ರೂಪಾಯಿ, ಕೊರಿಯರ್ ಖರ್ಚು ಬೇರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಆ ಮೂರರಲ್ಲಿ ಎರಡು ಒಳಗಿರುವ ಅಂಗೈಯಗಲದ ಚಿಪ್‌ಗೇ ಸಲ್ಲಬೇಕು.

ನಾನು ರಾಯಚೂರಿನಲ್ಲಿ 22 ವರ್ಷದಿಂದ ರಕ್ತ ಪರೀಕ್ಷೆ ಮಾಡುವವನು. ಸ್ಟೇಷನ್ ರೋಡಿನಿಂದ ಒಳಕ್ಕೆ ಸರಿದ ಓಣಿಯಲ್ಲಿ ಎರಡು ಕೋಣೆಯ ಲ್ಯಾಬ್. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಿದರೆ ಉಪವಾಸ ಬಂದ ಶುಗರ್‌ನವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಆಮೇಲೆ ಮಾನ್ವಿ, ದೇವದುರ್ಗದ ಬಸ್ಸಿಳಿದ ಬಸುರಿಯರು. ಹಿಮೋಗ್ಲೋಬಿನ್ 7, 8 ಬಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ಈಗ ಎಣಿಸುವ ಕೆಲಸ ಮಷೀನಿನದು. ಆದರೂ ಅನುಮಾನ ಬಂದರೆ ಸ್ಲೈಡ್ ಎಳೆದು, ಲೀಶ್ಮನ್ ಬಣ್ಣ ಹಾಕಿ, ಕಣ್ಣಾರೆ ನೋಡದೆ ರಿಪೋರ್ಟಿಗೆ ಸಹಿ ಹಾಕುವವನಲ್ಲ. ಹೀಗಾಗಿ ಜೀವಕೋಶ ಅಂದರೆ ನನಗೆ ಪುಸ್ತಕದ ಚಿತ್ರವಲ್ಲ, ದಿನದ ಗಿರಾಕಿ.

ಕಿಟ್ ತರಿಸುವ ಹಟ ಹಿಡಿದವಳು ಅಕ್ಕನ ಮಗಳು. ಪಿಯುಸಿ ಮೊದಲ ವರ್ಷ ಮುಗಿಸಿ ರಜೆಯಲ್ಲಿದ್ದಳು. ಫೋನಿನಲ್ಲಿ ಜಾಹೀರಾತು ಹಿಡಿದುಕೊಂಡೇ ಬಂದಳು. “ಮಾಮಾ, ಇದರಾಗ ನಾವೇ ಕೋಶ ಮಾಡಬಹುದಂತ ನೋಡ್ರಿ.”

“ಕೋಶ ಬೇಕಂದ್ರ ಬೆರಳು ಕೊಡವ್ವಾ, ಒಂದು ಚುಚ್ಚಿಗೆ ಲಕ್ಷಗಟ್ಟಲೆ ಕೊಡ್ತೀನಿ,” ಅಂದೆ. ಸುಳ್ಳಲ್ಲ. ಅವಳ ವಯಸ್ಸಿನ ಹುಡುಗಿಯ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಹತ್ತಿರ ಹತ್ತಿರ 45 ಲಕ್ಷ ಕೆಂಪು ಕೋಶ ಇರುತ್ತವೆ. ಒಂದು ಕೋಶ ಮಾಡಲು ಯಾಕೆ ಇಷ್ಟು ದುಡ್ಡು ಅನ್ನುವುದು ನನ್ನ ವಾದ. ವಾದದಲ್ಲಿ ಸೋತೆ, ದುಡ್ಡು ಕಟ್ಟಿದೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಕೆಳಗೆ ಒಂದಷ್ಟು ಬೈಗುಳ ಇದೆ. ಅವರು ಚಿಕ್ಕವರು, ತಪ್ಪು ಒಪ್ಪಿಕೊಂಡವರೂ ಹೌದು. ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: ಎರಡು ಚಿಪ್, ನಾಲ್ಕು ಸಿರಿಂಜ್, ಸಣ್ಣ ಟ್ಯೂಬುಗಳು, ಒಂದು ಬಾಟಲಿ ಎಣ್ಣೆ, ಲೆಸಿಥಿನ್ ಪುಡಿ, ಎರಡು ಬಗೆ ಸಕ್ಕರೆ, ಕೆಂಪು ನೀಲಿ ಬಣ್ಣ, ಒಣಗಿಸಿದ ಉಂಡೆಯಂಥದ್ದು ತುಂಬಿದ ಎಂಟು ಪುಟಾಣಿ ಟ್ಯೂಬು, ನೀಲಿ ದೀಪ, ಹಳದಿ ಹಾಳೆ. ಜೊತೆಗೆ ಇಂಗ್ಲಿಷಿನ ಕೈಪಿಡಿ. ಕನ್ನಡದ್ದೂ ಒಂದು ಹಾಳೆ ಇತ್ತು, ಅದನ್ನು ಯಾವುದೋ ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿದ್ದಾರೆ. ಅದರ ಪ್ರಕಾರ ನಾವು ತಯಾರಿಸಲು ಹೊರಟಿದ್ದು ‘ಕೃತಕ ಬಂದೀಖಾನೆ’. ಇಂಗ್ಲಿಷಿನ ‘ಸೆಲ್’ ಅಂದರೆ ಜೈಲಿನ ಕೋಣೆಯೂ ಹೌದಲ್ಲ. ಅಕ್ಕನ ಮಗಳು ಎರಡು ದಿನ ಅದನ್ನೇ ಹೇಳಿ ಹೇಳಿ ನಕ್ಕಳು.

ಮೊದಲು ಚಿಪ್ ವಿಷಯ. ಗಾಜಿನ ಸ್ಲೈಡಿನ ಮೇಲೆ ಅಂಟಿಸಿದ ಪಾರದರ್ಶಕ ರಬ್ಬರಿನ ಬಿಲ್ಲೆ. ಬೆಳಕಿಗೆ ಹಿಡಿದರೆ ಒಳಗೆ ಗೀರಿನಂಥ ಕಾಲುವೆಗಳು ಕಾಣುತ್ತವೆ, ಅಗಲ 100 ಮೈಕ್ರಾನ್, ಅಂದರೆ ದಪ್ಪನೆಯ ಒಂದು ತಲೆಗೂದಲಿನಷ್ಟು. ರಬ್ಬರಿನ ಹೆಸರು ಪಿಡಿಎಂಎಸ್, ಒಂದು ಜಾತಿಯ ಸಿಲಿಕೋನ್. ಇಂಥ ಕಾಲುವೆಗಳನ್ನು ಹಿಂದೆ ಗಾಜಿನಲ್ಲೋ ಸಿಲಿಕಾನಿನಲ್ಲೋ ಕೊರೆಯುತ್ತಿದ್ದರು, ಅದು ಶ್ರೀಮಂತರ ಆಟ. 1998ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಪಿಡಿಎಂಎಸ್ಸಿನಲ್ಲಿ ಬೇಗ ಮಾಡುವ ದಾರಿ ತೋರಿಸಿತು. ಗೌರಿ ಹುಣ್ಣಿಮೆಗೆ ನಮ್ಮ ಮನೆಗಳಲ್ಲಿ ಸಕ್ಕರೆ ಆರತಿ ಮಾಡುವುದಿಲ್ಲವೇ, ಮರದ ಅಚ್ಚಿಗೆ ಪಾಕ ಸುರಿದು, ಆರಿದ ಮೇಲೆ ಬಿಡಿಸುವುದು? ಅದೇ ಕೆಲಸ. ಅಚ್ಚಿನ ಮೇಲೆ ಸಿಲಿಕೋನ್ ಸುರಿದು, ಕಾವಿನಲ್ಲಿಟ್ಟು ಗಟ್ಟಿ ಮಾಡಿ, ಬಿಡಿಸಿ, ಗಾಜಿಗೆ ಅಂಟಿಸುತ್ತಾರೆ. ಅಂಟಿಸಿದ್ದು ಅಚ್ಚುಕಟ್ಟಾಗಿದೆ. ಒಂದು ತಿಂಗಳಲ್ಲಿ ಎಲ್ಲಿಯೂ ಸೋರಿಲ್ಲ.

ಮೊದಲನೆಯ ಚಿಪ್‌ನಲ್ಲಿ ಎರಡು ಕಾಲುವೆ ಕೂಡಿ ಒಂದಾಗುತ್ತವೆ. ಒಂದರಿಂದ ಕೆಂಪು ನೀರು, ಇನ್ನೊಂದರಿಂದ ನೀಲಿ ನೀರು ಬಿಟ್ಟೆವು. ಕೂಡಿದ ಮೇಲೆ ನೇರಳೆ ಆಗಬೇಕಲ್ಲ? ಆಗಲಿಲ್ಲ. ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಗೆರೆ ಎಳೆದ ಹಾಗೆ ಕೊನೆಯ ತನಕ ಹರಿದವು. ಕೃಷ್ಣೆ ತುಂಗಭದ್ರೆಯ ನಡುವಿನ ಜಿಲ್ಲೆಯವರು ನಾವು. ಕೆಂಪು ನೀರಿನ ಹಳ್ಳ ತಿಳಿನೀರಿನ ಹೊಳೆಗೆ ಬಂದು ಬಿದ್ದಲ್ಲಿ ಸ್ವಲ್ಪ ದೂರ ಎರಡೂ ಬೇರೆ ಬೇರೆ ಕಾಣುವುದನ್ನು ನೋಡಿದ್ದೇವೆ. ಆಮೇಲೆ ಸುಳಿ ಎದ್ದು ಕಲಸಿಬಿಡುತ್ತದೆ. ಈ ಕೂದಲೆಳೆ ಕಾಲುವೆಯಲ್ಲಿ ಸುಳಿಯೇ ಏಳುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ನೀರಿನ ರಭಸಕ್ಕಿಂತ ಅದರ ಅಂಟುತನದ್ದೇ ಮೇಲುಗೈ. ಬಣ್ಣ ತಾನಾಗಿ ಹಬ್ಬಿ ಒಂದರೊಳಗೊಂದು ಸೇರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮೈಕ್ರೋಫ್ಲೂಯಿಡಿಕ್ಸ್ ಅನ್ನುವ ವಿದ್ಯೆಯ ಬೀಜವೇ ಇದು. ಇಲ್ಲಿ ದ್ರವ ಹೇಳಿದ ಮಾತು ಕೇಳುತ್ತದೆ. ಲ್ಯಾಬಿನ ಹುಡುಗ ಕೈಯಲ್ಲಿದ್ದ ಸ್ಯಾಂಪಲ್ ಟ್ರೇ ಬದಿಗಿಟ್ಟು ಹತ್ತು ನಿಮಿಷ ನಿಂತು ನೋಡಿದ. ಚಿಪ್ಪಿಗೆ ಕೊಟ್ಟ ಎರಡು ಸ್ಟಾರಿನಲ್ಲಿ ಒಂದು ಇದಕ್ಕೇ ಸಂದಿತು.

ಎರಡನೆಯ ಚಿಪ್ ಹನಿ ಮಾಡುವುದು. ನಡುವಿನ ಕಾಲುವೆಯಲ್ಲಿ ನೀರು ಬರುತ್ತದೆ, ಎಡಬಲದಿಂದ ಎಣ್ಣೆ ಬಂದು ಅದರ ಕುತ್ತಿಗೆ ಹಿಸುಕುತ್ತದೆ. ನೀರಿನ ಎಳೆ ತುಂಡಾಗಿ, ಹನಿ ಹನಿಯಾಗಿ ಸಾಲು ಹಿಡಿಯುತ್ತದೆ. ಕೈಪಿಡಿಯಲ್ಲಿ ‘ಎರಡೂ ಸಿರಿಂಜನ್ನು ಒಂದೇ ಸಮ ಒತ್ತಿರಿ’ ಅಂತ ಬರೆದಿದ್ದಾರೆ. ಒತ್ತಿ ನೋಡಲಿ ಬರೆದವರು! ಮನುಷ್ಯನ ಹೆಬ್ಬೆರಳು ಅಷ್ಟು ಸಮನಾಗಿ ಒತ್ತಲಾರದು. ಒಂದು ಹನಿ ಸಾಸಿವೆ, ಮತ್ತೊಂದು ಕಡಲೆ. ಸಿರಿಂಜ್ ಪಂಪ್ ಕೊಂಡರೆ ಸರಿಹೋಗುತ್ತದೆ, ಆದರೆ ಅದರ ಬೆಲೆ ಕಿಟ್‌ಗಿಂತ ಎಷ್ಟೋ ಪಟ್ಟು.

ಮೂಲೆಯಲ್ಲಿ ಸಲೈನ್ ಸ್ಟ್ಯಾಂಡ್ ನಿಂತಿತ್ತು. ಸಿರಿಂಜಿನ ಒತ್ತುವ ದಂಡ ತೆಗೆದು, ಖಾಲಿ ಕೊಳವೆಗೆ ಎಣ್ಣೆ ತುಂಬಿ ಸ್ಟ್ಯಾಂಡಿಗೆ ನೇತು ಹಾಕಿದೆ. ನೀರಿನ ಸಿರಿಂಜನ್ನು ಅದಕ್ಕಿಂತ ಗೇಣು ಕೆಳಗೆ. ಒಂದು ಮೀಟರ್ ಎತ್ತರದ ನೀರಿನ ಒತ್ತಡ ಅಂದರೆ ಬಿಪಿ ಮಷೀನಿನ ಲೆಕ್ಕದಲ್ಲಿ ಸುಮಾರು 73 ಮಿಲಿಮೀಟರ್ ಪಾದರಸ. ಎತ್ತರ ಅಲುಗಾಡದಿದ್ದರೆ ಒತ್ತಡವೂ ಅಲುಗಾಡದು. ಮೇಲೆ ಕೆಳಗೆ ಸರಿಸುತ್ತ ಅರ್ಧ ಗಂಟೆ ಕಳೆದೆ. ಆಮೇಲೆ ನೋಡಬೇಕಿತ್ತು, ಪೋಣಿಸಿದ ಮುತ್ತಿನ ಹಾಗೆ ಹನಿಗಳು, ಎಲ್ಲವೂ ಒಂದೇ ಅಳತೆ. ಈ ಕಿಟ್ ಕೊಳ್ಳುವವರು ಮೊದಲು ಒಂದು ಸಲೈನ್ ಸ್ಟ್ಯಾಂಡ್ ಹುಡುಕಿಕೊಳ್ಳಿ. ಇಲ್ಲದಿದ್ದರೆ ಗೋಡೆಯ ಮೊಳೆಯಾದರೂ ಸರಿ.

ಅಳೆಯದೆ ಬಿಡುವುದು ನಮ್ಮ ಕಸುಬಲ್ಲ. ಹನಿಗಳನ್ನು ನ್ಯೂಬಾರ್ ಚೇಂಬರಿಗೆ ಬಿಟ್ಟೆ. ಮಷೀನು ಬರುವ ಮೊದಲು ಕೆಂಪು ಕೋಶ ಎಣಿಸುತ್ತಿದ್ದ ಗಾಜು ಅದು. ಅದರ ಮೇಲೆ ಕೊರೆದ ಅತಿ ಚಿಕ್ಕ ಮನೆಯ ಬದಿ 50 ಮೈಕ್ರಾನ್. ನಮ್ಮ ಹನಿ ಒಂದೂವರೆ ಮನೆ ತುಂಬಿತು, ಅಂದರೆ 75 ಮೈಕ್ರಾನ್. ಲೆಕ್ಕ ಹಾಕಿದರೆ ಸುಮಾರು 2 ಲಕ್ಷ 20 ಸಾವಿರ ಫೆಮ್ಟೋಲೀಟರ್, ಒಂದು ಫೆಮ್ಟೋಲೀಟರ್ ಅಂದರೆ ಒಂದು ಘನ ಮೈಕ್ರಾನ್. ರಕ್ತಕಣ ಎಣಿಸಿ ಕೊಡುವ ನಿಮ್ಮ ಸಿಬಿಸಿ ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದಲ್ಲ, ಅದು ಒಂದು ಕೆಂಪು ಕೋಶದ ಗಾತ್ರ, ಆರೋಗ್ಯವಂತರಲ್ಲಿ 90 ಫೆಮ್ಟೋಲೀಟರ್ ಆಸುಪಾಸು. ನಾವು ಮಾಡಿದ ‘ಕೋಶ’ದೊಳಗೆ 2,400 ಕೆಂಪು ಕೋಶ ಹಿಡಿಸುತ್ತಿದ್ದವು.

ಅಷ್ಟಕ್ಕೂ ಅದು ಕೋಶವಲ್ಲ, ಎಣ್ಣೆಯಲ್ಲಿ ತೇಲುವ ನೀರಿನ ಹನಿ. ನಮ್ಮ ಮೈಯೊಳಗೆ ಕೋಶದ ಹೊರಗೂ ನೀರು, ಒಳಗೂ ನೀರು. ನಡುವೆ ಎರಡು ಪದರದ ಕೊಬ್ಬಿನ ಪೊರೆ, ದಪ್ಪ ನಾಲ್ಕೈದು ನ್ಯಾನೋಮೀಟರ್. ಆ ಪೊರೆ ಮಾಡುವುದು ಕಿಟ್‌ನ ಎರಡನೆಯ ಭಾಗ. ನಾನು ನಾಲ್ಕು ದಿನ ಒದ್ದಾಡಿದ್ದೂ ಅಲ್ಲೇ.

ಇದಕ್ಕೆ ಲೆಸಿಥಿನ್ ಬೇಕು. ಗ್ರೀಕಿನಲ್ಲಿ ಲೆಕಿಥೋಸ್ ಅಂದರೆ ಮೊಟ್ಟೆಯ ಹಳದಿ. ಆ ಅಣುವಿನ ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ನೀರೆಂದರೆ ಆಗದು. ನೀರಿಗೆ ಹಾಕಿದರೆ ಬಾಲಗಳು ಒಳಗೆ ಮುಖ ಮಾಡಿ, ತಲೆಗಳು ಹೊರಗೆ ನಿಂತು ತಾವಾಗಿ ಎರಡು ಪದರದ ಚೀಲ ಕಟ್ಟಿಕೊಳ್ಳುತ್ತವೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಇದನ್ನು ಕಂಡು ತೋರಿಸಿದರು. ಅವರೂ ಮೊದಲು ರಕ್ತ ಹೆಪ್ಪುಗಟ್ಟುವುದರ ಮೇಲೆ ಕೆಲಸ ಮಾಡಿದವರು ಅಂತ ಓದಿ ನಮ್ಮ ಪೈಕಿಯವರೇ ಅನ್ನಿಸಿತು. ಚೀಲದ ಹೆಸರು ಲೈಪೋಸೋಮ್. ಈ ಪದ ಎಲ್ಲಿ ಕೇಳಿದ್ದೆ ಅಂತ ಯೋಚಿಸಿದಾಗ ಎದೆ ಧಸಕ್ಕೆಂದಿತು. 2021ರ ಬೇಸಿಗೆ, ಕೊರೊನಾ ಬಿಟ್ಟವರಿಗೆ ಕಪ್ಪು ಶಿಲೀಂಧ್ರ ಹಿಡಿದ ದಿನಗಳು. ‘ಲೈಪೋಸೋಮಲ್ ಆಂಫೋಟೆರಿಸಿನ್’ ಅಂತ ಬರೆದ ಚೀಟಿ ಹಿಡಿದು ನಮ್ಮ ಓಣಿಯ ಒಬ್ಬ ಹುಡುಗ ತನ್ನ ತಂದೆಗಾಗಿ ಹೈದರಾಬಾದ್ ತನಕ ಅಲೆದಿದ್ದ. ಬರೀ ಆಂಫೋಟೆರಿಸಿನ್ ಮೂತ್ರಪಿಂಡಕ್ಕೆ ಭಾರ. ಅದನ್ನೇ ಈ ಕೊಬ್ಬಿನ ಚೀಲದಲ್ಲಿ ತುಂಬಿ ಕೊಟ್ಟರೆ ಹಾನಿ ಕಡಿಮೆ. ಅವತ್ತು ನಾವು ಹುಡುಕಿ ಸುಸ್ತಾದದ್ದು ಇಂಥ ಚೀಲಗಳನ್ನೇ.

ಮಾಡುವ ವಿಧಾನ ಹೀಗಿದೆ. ಲೆಸಿಥಿನ್ನನ್ನು ಬೆಚ್ಚಗಿನ ಎಣ್ಣೆಯಲ್ಲಿ ಕರಗಿಸಿ ರಾತ್ರಿಯಿಡೀ ಬಿಡಬೇಕು. ಅದಕ್ಕೆ ಟೇಬಲ್ ಸಕ್ಕರೆಯ, ಅಂದರೆ ಸುಕ್ರೋಸಿನ ನೀರು ಚೂರು ಹಾಕಿ, ಟ್ಯೂಬನ್ನು ಸ್ಟ್ಯಾಂಡಿನ ಹಲ್ಲುಗಳ ಮೇಲೆ ಗರಗರ ಎಳೆದರೆ ಒಳಗೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೇರೊಂದು ಟ್ಯೂಬಿನಲ್ಲಿ ಕೆಳಗೆ ಗ್ಲೂಕೋಸ್ ನೀರು, ಮೇಲೆ ಲೆಸಿಥಿನ್ ಎಣ್ಣೆ ನಿಲ್ಲಿಸಿ, ಅದರ ಮೇಲೆ ಈ ಬಿಳಿ ಹಾಲು ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಹನಿಗಳು ಎಣ್ಣೆಯಿಂದ ನೀರಿಗೆ ಇಳಿಯುವಾಗ ಗಡಿಯಲ್ಲಿ ಕಾದು ನಿಂತ ಇನ್ನೊಂದು ಪದರ ಲೆಸಿಥಿನ್ನನ್ನು ಮೈಗೆ ಸುತ್ತಿಕೊಂಡು ಇಳಿಯುತ್ತವೆ. ಒಂದಂಗಿ ಹೋಗಿ ಎರಡಂಗಿ. ಈ ಉಪಾಯ 2003ರಲ್ಲಿ ಹಾರ್ವರ್ಡಿನ ಡೇವಿಡ್ ವೈಟ್ಜ್ ಅವರ ಗುಂಪಿನಿಂದ ಬಂದದ್ದು. ಈಗ ಇದನ್ನೂ ಚಿಪ್‌ನೊಳಗೇ ಮಾಡುವವರಿದ್ದಾರೆ. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸಿದ್ಧಾರ್ಥ ದೇಶಪಾಂಡೆ, ಸೀಸ್ ಡೆಕ್ಕರ್ ಮತ್ತು ಜೊತೆಯವರು 2016ರಲ್ಲಿ ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಬಳಸಿ ಚಿಪ್‌ನಲ್ಲೇ ಒಂದೇ ಅಳತೆಯ ಲೈಪೋಸೋಮ್ ಸಾಲು ಹರಿಸಿದರು. ಆಕ್ಟನಾಲ್ ತಾನಾಗಿ ಬಿಟ್ಟುಹೋಗುತ್ತದೆ. ನಮ್ಮ ಕಿಟ್‌ನ ಚಿಪ್‌ಗೆ ಆ ಯೋಗ್ಯತೆ ಇಲ್ಲ, ಕೈಪಿಡಿಯೂ ಹಾಗೆ ಹೇಳಿಕೊಂಡಿಲ್ಲ.

ತಿರುಗಿಸಿದೆ. ತಳದಿಂದ ಒಂದು ಹನಿ ಎತ್ತಿ ಸ್ಲೈಡಿಗೆ ಹಾಕಿದೆ. ಏನೂ ಕಾಣಲಿಲ್ಲ. ಅಕ್ಕನ ಮಗಳ ಮುಖ ಸಪ್ಪಗಾಯಿತು. ಆಗ ಮೂತ್ರ ಪರೀಕ್ಷೆಯ ಬುದ್ಧಿ ಕೈಹಿಡಿಯಿತು. ಮೂತ್ರದಲ್ಲಿ ಕಾಸ್ಟ್ ಅನ್ನುವ ಗಾಜಿನಂಥ ವಸ್ತು ಇರುತ್ತದೆ. ಪೂರ್ತಿ ಬೆಳಕು ಬಿಟ್ಟರೆ ಮಾಯ. ಅದಕ್ಕೆ ನಾವು ಮೈಕ್ರೋಸ್ಕೋಪಿನಲ್ಲಿ ಬೆಳಕು ಕೂಡಿಸುವ ಕಂಡೆನ್ಸರ್ ಕೆಳಗಿಳಿಸಿ, ಬೆಳಕಿನ ಬಾಯಿ ಕಿರಿದು ಮಾಡುತ್ತೇವೆ. ಹಾಗೇ ಮಾಡಿದೆ. ಕತ್ತಲು ಕವಿದ ಹಾಗೆ ಆಗಿ, ನಿಧಾನಕ್ಕೆ ಉಂಗುರಗಳು ಎದ್ದು ಬಂದವು. ಕೈಪಿಡಿಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಎಷ್ಟು ಜನ ‘ಏನೂ ಬರಲಿಲ್ಲ’ ಅಂತ ಪೆಟ್ಟಿಗೆ ಅಟ್ಟಕ್ಕೆ ಹಾಕಿರಬಹುದು!

ಆದರೆ ಉಂಗುರಗಳು ದುಂಡಗಿರಲಿಲ್ಲ. ಸೊಟ್ಟ, ಸುಕ್ಕು, ಅಂಚೆಲ್ಲ ಮುಳ್ಳು ಮುಳ್ಳು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ಲೆಸಿಥಿನ್ ಕೆಟ್ಟಿದೆ ಅಂದುಕೊಂಡೆ. ಏಪ್ರಿಲ್ ಕೊನೆಯ ರಾಯಚೂರು, ಪಾರ್ಸೆಲ್ ಗೋದಾಮಿನಲ್ಲಿ ಮೂರು ದಿನ ಬೆಂದಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಒಬ್ಬರ ರಕ್ತದ ಸ್ಲೈಡ್ ನೋಡುವಾಗ ತಲೆಯಲ್ಲಿ ದೀಪ ಹತ್ತಿತು. ಕೆಂಪು ಕೋಶವನ್ನು ಗಟ್ಟಿ ಉಪ್ಪುನೀರಿಗೆ ಹಾಕಿದರೆ ಒಳಗಿನ ನೀರು ಹೊರಗೆ ಹೋಗಿ ಅದು ನೆಗ್ಗಿಲ ಮುಳ್ಳಿನ ಹಾಗಾಗುತ್ತದೆ. ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ. ಡಿಎಂಎಲ್‌ಟಿ ಅನ್ನುವ ಲ್ಯಾಬ್ ಡಿಪ್ಲೊಮಾದ ಮೊದಲ ವರ್ಷದ ಪಾಠ. ಸುಕ್ಕುಗಟ್ಟಿದ ಈ ಚೀಲಗಳೂ ಅದೇ ಕಥೆ ಹೇಳುತ್ತಿದ್ದವು, ನಾನೇ ಕೇಳಿಸಿಕೊಂಡಿರಲಿಲ್ಲ.

ಕೈಪಿಡಿ ತೆಗೆದು ನೋಡಿದೆ. ‘ಒಳಗೆ 10% ಸುಕ್ರೋಸ್, ಹೊರಗೆ 10% ಗ್ಲೂಕೋಸ್’ ಅಂತ ಇತ್ತು. ಎರಡೂ ಹತ್ತು, ನೋಡಲು ಸಮ. ತಕ್ಕಡಿಗೆ ಸಮ, ಪೊರೆಗೆ ಸಮವಲ್ಲ. ಪೊರೆ ತೂಕ ನೋಡುವುದಿಲ್ಲ, ಅಣುಗಳ ಎಣಿಕೆ ನೋಡುತ್ತದೆ. ಸುಕ್ರೋಸಿನ ಅಣುವಿನ ತೂಕ 342, ಗ್ಲೂಕೋಸಿನದು 180. ಹತ್ತು ಪರ್ಸೆಂಟ್ ಸುಕ್ರೋಸ್ ಅಂದರೆ ಲೀಟರಿಗೆ 292 ಮಿಲಿಮೋಲ್ (ಅಣುಗಳ ಎಣಿಕೆಯ ಮಾನ), ಹತ್ತು ಪರ್ಸೆಂಟ್ ಗ್ಲೂಕೋಸ್ ಅಂದರೆ 555. ಹೊರಗೆ ಹತ್ತಿರ ಹತ್ತಿರ ಎರಡು ಪಟ್ಟು ಗರ್ದಿ. ಚೀಲ ಹಿಂಡಿಹೋಗದೆ ಇನ್ನೇನಾದೀತು?

ಗ್ಲೂಕೋಸ್ ಅರ್ಧಕ್ಕಿಳಿಸಬೇಕು, ಐದು ಪರ್ಸೆಂಟ್. ಬೆರೆಸಲು ಎದ್ದವನು ಹಾಗೇ ನಿಂತೆ. ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್ ಅಂದರೆ ಸುಸ್ತಾದವರಿಗೆ ಏರಿಸುವ ಗ್ಲೂಕೋಸ್ ಬಾಟಲಿಯೇ! ಲೆಕ್ಕಕ್ಕೆ 278 ಮಿಲಿಮೋಲ್, ರಕ್ತಕ್ಕೆ ಹೊಂದುವ ಹಾಗೆಯೇ ಮಾಡಿರುವುದು. ಎದುರಿನ ಮೆಡಿಕಲ್ ಶಾಪಿನಿಂದ ಹುಡುಗ ಒಂದು ಬಾಟಲಿ ತಂದ. “ಯಾರಿಗ್ರೀ ಸರ, ಪೇಶಂಟ್ ಯಾರೂ ಇಲ್ಲಲ್ರಿ?” ಅಂತ ಅಂಗಡಿಯವರು ಕೇಳಿದರಂತೆ.

ಅವತ್ತು ಸಂಜೆ ನಾಲ್ಕರಿಂದ ಕರೆಂಟ್ ಇರಲಿಲ್ಲ. ಶಕ್ತಿನಗರದ ಥರ್ಮಲ್ ನಮ್ಮ ಜಿಲ್ಲೆಯಲ್ಲೇ ಇದೆ, ಅದರ ಬಿಸಿ ನಮಗೆ, ಕರೆಂಟ್ ಊರಿಗೆಲ್ಲ. ಯುಪಿಎಸ್ ಮೇಲೆ ಸೆಂಟ್ರಿಫ್ಯೂಜ್ ಹಾಕಬಾರದು ಅಂತ ನಾನೇ ಗೋಡೆಗೆ ಚೀಟಿ ಅಂಟಿಸಿದ್ದೇನೆ, ಅವತ್ತು ಹಾಕಿದೆ. 3,500 ಸುತ್ತು, ಹದಿನೈದು ನಿಮಿಷ. ಕಂಡೆನ್ಸರ್ ಇಳಿಸಿ, ಅವಳನ್ನೇ ಮೊದಲು ಕೂರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಮಾಮಾ… ಗುಂಡಗ ಅದಾವ್ರಿ. ಅಲುಗ್ಯಾಡಲಿಕತ್ತ್ಯಾವ.”

ಹತ್ತು, ಇಪ್ಪತ್ತು ಮೈಕ್ರಾನಿನ ಚೀಲಗಳು. ನುಣುಪು ಅಂಚು. ಕೆಲವು ಒಂದರ ಹೊಟ್ಟೆಯೊಳಗೆ ಇನ್ನೊಂದು. ನೀರಿನ ಅಣುಗಳ ನೂಕಿಗೆ ಮೆಲ್ಲಗೆ ನಡುಗುತ್ತಿದ್ದವು. ಒಳಗಿನ ಸುಕ್ರೋಸ್ ಭಾರವಾದ್ದರಿಂದ ಎಲ್ಲವೂ ತಳಕ್ಕೆ ಕೂತಿದ್ದವು, ಹುಡುಕುವ ಕಷ್ಟವಿರಲಿಲ್ಲ. ಬಣ್ಣ ಹಾಕದೆ ಬಿಟ್ಟ ಮಸುಕಾದ ಕೆಂಪು ಕೋಶಗಳ ಹಾಗೇ ಕಂಡವು. ನಿಜ ಹೇಳಬೇಕೆಂದರೆ ನನಗೂ ಗಂಟಲು ಕಟ್ಟಿತು, ಹುಡುಗಿಗೆ ಹೇಳಲಿಲ್ಲ ಅಷ್ಟೇ.

ಮೂರನೆಯ ಭಾಗ ಆ ಎಂಟು ಟ್ಯೂಬುಗಳು. ಸಿಂಥೆಟಿಕ್ ಬಯಾಲಜಿ ಅಂದರೆ ಇದಂತೆ. ಇ. ಕೋಲಿ ಬ್ಯಾಕ್ಟೀರಿಯಾವನ್ನು ಒಡೆದು, ಪ್ರೋಟೀನ್ ಮಾಡುವ ಅದರ ಸಾಮಾನುಗಳನ್ನೆಲ್ಲ ತೆಗೆದು, ಜೊತೆಗೆ ಒಂದು ಡಿಎನ್‌ಎ ಸೇರಿಸಿ ಒಣಗಿಸಿಟ್ಟಿದ್ದಾರೆ. ಒಣಗಿಸಿದರೆ ಫ್ರೀಜರ್ ಇಲ್ಲದೆ ಕಳಿಸಬಹುದು ಅನ್ನುವುದನ್ನು 2014ರಲ್ಲಿ ಕೀತ್ ಪಾರ್ಡಿ, ಜೇಮ್ಸ್ ಕಾಲಿನ್ಸ್ ಮುಂತಾದವರು ಕಾಗದದ ಮೇಲೆ ಮಾಡಿ ತೋರಿಸಿದ್ದರು. ನೀರು ಹಾಕಿ 37 ಡಿಗ್ರಿಯಲ್ಲಿಟ್ಟರೆ ಸಾಮಾನು ಎದ್ದು ಕೂತು ಡಿಎನ್‌ಎ ಓದಿ, ಜೆಲ್ಲಿಮೀನಿನ ಹಸಿರು ಬೆಳಕಿನ ಪ್ರೋಟೀನ್ ಮಾಡುತ್ತದೆ. ಆ ಪ್ರೋಟೀನಿಗೆ 2008ರಲ್ಲಿ ನೊಬೆಲ್ ಬಂದಿದೆ. ರಕ್ತ ಹೆಪ್ಪುಗಟ್ಟುವ ಹೊತ್ತು ನೋಡುವ ಪಿಟಿ ಪರೀಕ್ಷೆಗೆ ಇಟ್ಟುಕೊಂಡ ವಾಟರ್ ಬಾತ್ ನನ್ನ ಹತ್ತಿರ ಇತ್ತು. ಇಲ್ಲದವರು ಮೇ ತಿಂಗಳಲ್ಲಿ ನಮ್ಮೂರಿನ ಯಾವ ಕೋಣೆಯಲ್ಲಿಟ್ಟರೂ ನಡೆದೀತು. ಎರಡು ತಾಸಿಗೆ ನೀಲಿ ದೀಪದಡಿ, ಹಳದಿ ಹಾಳೆಯ ಹಿಂದೆ, ಹಸಿರು ಮೂಡಿತು. ಎಂಟರಲ್ಲಿ ಆರು ಹತ್ತಿದವು. ಉಳಿದೆರಡರ ಉಂಡೆ ಮೊದಲೇ ತೇವ ಹಿಡಿದು ಅಂಟಾಗಿತ್ತು. ನಮ್ಮ ಬಿಸಿಲಿಗೆ ಪ್ಯಾಕಿಂಗ್ ಸಾಲದು. ಫೋನ್ ಮಾಡಿದೆ, ವಾದ ಮಾಡದೆ ಎರಡು ಕಳಿಸಿದರು, ಹತ್ತು ದಿನದ ಮೇಲೆ.

ಈ ಸಾಮಾನನ್ನು ಚೀಲದೊಳಗೆ ತುಂಬಿದರೆ ಕೋಶಕ್ಕೆ ಒಂದು ಹೆಜ್ಜೆ ಹತ್ತಿರ. 2004ರಲ್ಲಿ ವಿನ್ಸೆಂಟ್ ನೊಯಿರೋ ಮತ್ತು ಆಲ್ಬರ್ಟ್ ಲಿಬ್‌ಶಾಬರ್ ಹಾಗೆ ತುಂಬಿದಾಗ ಒಳಗಿನ ದಾಸ್ತಾನು ಬೇಗ ತೀರಿತು. ಆಗ ಅವರು ಆಲ್ಫಾ ಹೀಮೋಲೈಸಿನ್ ಎಂಬ ಪ್ರೋಟೀನನ್ನು ಒಳಗೇ ತಯಾರಾಗುವಂತೆ ಮಾಡಿದರು. ಅದು ಪೊರೆಯಲ್ಲಿ ಕಿಂಡಿ ಕೊರೆಯಿತು, ಕಿಂಡಿಯಿಂದ ಹೊರಗಿನ ಆಹಾರ ಒಳಬಂತು, ಪ್ರೋಟೀನ್ ಕೆಲಸ ನಾಲ್ಕು ದಿನದ ತನಕ ನಡೆಯಿತು. ಈ ಹೀಮೋಲೈಸಿನ್ ಯಾರದ್ದು ಗೊತ್ತೇ? ಕೀವಿನ ಹುಣ್ಣಿನಲ್ಲಿ ಕೂರುವ ಸ್ಟೆಫೈಲೋಕಾಕಸ್‌ದು. ರಕ್ತ ಹಾಕಿದ ಅಗಾರ್ ತಟ್ಟೆಯಲ್ಲಿ ಅದು ಬೆಳೆದಲ್ಲಿ ಸುತ್ತ ತಿಳಿಯಾಗುತ್ತದೆ, ಕೆಂಪು ಕೋಶಗಳಿಗೆ ತೂತು ಹೊಡೆದು ಸಾಯಿಸಿರುತ್ತದೆ. ನಮ್ಮ ಗಿರಾಕಿಗಳ ವೈರಿಯನ್ನೇ ಅವರು ಕಿಟಕಿ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಕೈಪಿಡಿಯಲ್ಲಿ ಈ ಪ್ರಯೋಗಕ್ಕೆ ಒಂದೇ ಸಾಲು, ‘ಆಸಕ್ತರು ಪ್ರಯತ್ನಿಸಬಹುದು’. ಒಂದು ಟ್ಯೂಬ್ ಖರ್ಚು ಮಾಡಿ ಪ್ರಯತ್ನಿಸಿದೆವು. ನನ್ನ ಮೈಕ್ರೋಸ್ಕೋಪಿಗೆ ಆ ಹಸಿರು ನೋಡುವ ಕಣ್ಣಿಲ್ಲ.

ಇನ್ನು ಪೆಟ್ಟಿಗೆಯ ಮೇಲಿನ ಮಾತು. ಇದು ಕೃತಕ ಜೀವಕೋಶವೇ? ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಂಸ್ಥೆ 2010ರಲ್ಲಿ ರಾಸಾಯನಿಕವಾಗಿ ಕಟ್ಟಿದ ಇಡೀ ಜೀನೋಮ್, ಅಂದರೆ ಕೋಶದ ಪೂರ್ತಿ ಡಿಎನ್‌ಎ ಹಾಕಿ ಬ್ಯಾಕ್ಟೀರಿಯಾ ನಡೆಸಿತು. 2016ರಲ್ಲಿ ಅದನ್ನು 473 ಜೀನ್‌ಗಳಿಗೆ ಇಳಿಸಿತು, ಅದರಲ್ಲಿ 149 ಏನು ಮಾಡುತ್ತವೆ ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಆ ಕೋಶ ಎರಡಾಗುವಾಗ ಅಡ್ಡಾದಿಡ್ಡಿ ಆಗುತ್ತಿತ್ತು. 19 ಜೀನ್ ವಾಪಸ್ ಸೇರಿಸಿದ ತಳಿ ಸರಿಯಾಗಿ ಒಡೆಯುವುದನ್ನು 2021ರಲ್ಲಿ ತೋರಿಸಿದರು, ಮೈಕ್ರೋಫ್ಲೂಯಿಡಿಕ್ ಕೋಣೆಗಳಲ್ಲಿ ಸಾಕಿಕೊಂಡು ನೋಡಿ. ಅದೂ ಇದ್ದ ಮನೆಗೆ ಹೊಸ ಯಜಮಾನನನ್ನು ತಂದು ಕೂರಿಸಿದ್ದು, ಬರೀ ಇಟ್ಟಿಗೆಯಿಂದ ಮನೆ ಕಟ್ಟಿದ್ದಲ್ಲ. ನಮ್ಮದು ಬರೀ ಗೋಡೆ. ಹೀಗೆಲ್ಲ ವಿವರಿಸಿ, ಇದನ್ನು ಕೋಶ ಅನ್ನಬಾರದವ್ವಾ ಅಂದೆ, ಎರಡಾಗುವುದಿಲ್ಲ, ಡಿಎನ್‌ಎ ಇಲ್ಲ.

ಅವಳು ಬಿಡಬೇಕಲ್ಲ. “ಮಾಮಾ, ನಿಮ್ಮ ಕೆಂಪು ಕೋಶಕ್ಕೂ ನ್ಯೂಕ್ಲಿಯಸ್ ಇಲ್ಲ, ಡಿಎನ್‌ಎ ಇಲ್ಲ, ಅದೂ ಎರಡಾಗಂಗಿಲ್ಲ. ಅದನ್ನ ದಿನಾ ಕೋಶ ಅಂತ ಎಣಸ್ತೀರಿ. ಇದನ್ನ ಯಾಕ ಅನ್ನಂಗಿಲ್ಲ?”

22 ವರ್ಷದಲ್ಲಿ ಯಾವ ಡಾಕ್ಟರೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋದೆ. ವಾಪಸ್ ಬರುವಾಗ ಟ್ರೇಯಲ್ಲಿ ಬೂದು ಮುಚ್ಚಳದ ಟ್ಯೂಬುಗಳು ಕಣ್ಣಿಗೆ ಬಿದ್ದವು. ಶುಗರ್ ಪರೀಕ್ಷೆಗೆ ರಕ್ತವನ್ನು ಇವುಗಳಲ್ಲೇ ತೆಗೆಯುತ್ತೇವೆ, ಒಳಗೆ ಫ್ಲೋರೈಡ್ ಇರುತ್ತದೆ. ಫ್ಲೋರೈಡ್ ಇಲ್ಲದಿದ್ದರೆ ರಕ್ತದಲ್ಲಿರುವ ಕೋಶಗಳು ಟ್ಯೂಬಿನಲ್ಲಿ ಕೂತೇ ಸಕ್ಕರೆ ತಿನ್ನುತ್ತವೆ, ತಾಸಿಗೆ ಶೇ 5ರಿಂದ 7ರಷ್ಟು. ನ್ಯೂಕ್ಲಿಯಸ್ ಇಲ್ಲದಿದ್ದರೇನು, ಕೆಂಪು ಕೋಶಕ್ಕೆ ಹಸಿವಿದೆ. ಆ ಸಕ್ಕರೆಯಿಂದಲೇ ಅದು ತನ್ನ ಪಂಪ್ ಓಡಿಸಿ, ಸೋಡಿಯಂ ಹೊರದಬ್ಬಿ, 120 ದಿನ ಬದುಕುತ್ತದೆ.

ಅವತ್ತೇ ರಾತ್ರಿ ಇಬ್ಬರೂ ಕೂಡಿ ಪರೀಕ್ಷೆ ಇಟ್ಟೆವು. ಒಂದು ಟ್ಯೂಬಿನಲ್ಲಿ ನನ್ನದೇ ರಕ್ತ, ಫ್ಲೋರೈಡ್ ಇಲ್ಲದೆ. ಇನ್ನೊಂದರಲ್ಲಿ ಡೆಕ್ಸ್‌ಟ್ರೋಸಿನಲ್ಲಿ ತೇಲುವ ನಮ್ಮ ಚೀಲಗಳು. ಅದನ್ನು ಅಳೆಯುವಾಗ 50 ಪಟ್ಟು ನೀರು ಬೆರೆಸಬೇಕು, ಇಲ್ಲದಿದ್ದರೆ ಮಷೀನಿನ ಅಳತೆಗೆ ಮೀರುತ್ತದೆ. ರಾತ್ರಿ ಎಂಟಕ್ಕೆ ರಕ್ತದ ಸಕ್ಕರೆ 104, ಚೀಲದ್ದು 98. ಬೆಳಿಗ್ಗೆ ಎಂಟಕ್ಕೆ ರಕ್ತದ್ದು 46. ಚೀಲದ್ದು 98, ಒಂದಂಕಿಯೂ ಇಳಿದಿಲ್ಲ. ಅವಳು ಎರಡೂ ಪ್ರಿಂಟನ್ನು ಪಕ್ಕ ಪಕ್ಕ ಇಟ್ಟು ನೋಡಿ, “ಇದು ಉಪವಾಸ ಐತಿ,” ಅಂದಳು. ಇದರ ಬಗ್ಗೆ ಮಾಡಿದ ಚಾರ್ಟಿಗೆ ಅದನ್ನೇ ಬರೆದಿದ್ದಾಳೆ: ‘ಉಪವಾಸದ ಕೋಶ’. ಕಿಟ್ ಕಂಪನಿಯವರು ಪೆಟ್ಟಿಗೆಯ ಮೇಲೂ ಅದನ್ನೇ ಹಾಕಬಹುದು.

ಹೊಟ್ಟೆಯಿಲ್ಲದ ಚೀಲವೂ ಕೆಲಸಕ್ಕೆ ಬರುತ್ತದೆ ಅನ್ನುವುದನ್ನೂ ಹೇಳಬೇಕು. 1957ರಲ್ಲಿ ಕೆನಡಾದ ಮೆಕ್‌ಗಿಲ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಥಾಮಸ್ ಚಾಂಗ್ ತನ್ನ ಹಾಸ್ಟೆಲ್ ಕೋಣೆಯಲ್ಲೇ ಹಿಮೋಗ್ಲೋಬಿನ್ನನ್ನು ತೆಳು ಪೊರೆಯೊಳಗೆ ತುಂಬಿ ಕೃತಕ ಕೋಶ ಮಾಡಿದ್ದರು. ಜಪಾನಿನ ನಾರಾ ವೈದ್ಯಕೀಯ ವಿಶ್ವವಿದ್ಯಾಲಯದವರು ಅವಧಿ ಮೀರಿದ ದಾನಿ ರಕ್ತದಿಂದ ಹಿಮೋಗ್ಲೋಬಿನ್ ತೆಗೆದು ಲೈಪೋಸೋಮಿನಲ್ಲಿ ತುಂಬುತ್ತಿದ್ದಾರೆ, ಗುಂಪು ನೋಡದೆ ಯಾರಿಗಾದರೂ ಕೊಡಬಹುದಾದ ರಕ್ತಕ್ಕಾಗಿ. ರಾತ್ರಿ ಹನ್ನೆರಡಕ್ಕೆ ‘ಓ ನೆಗೆಟಿವ್ ಯಾರದ್ದಾರ ಇದ್ರ ಹೇಳ್ರಿ ಸರ’ ಅಂತ ಫೋನ್ ಬರುವ ನನ್ನಂಥವನಿಗೆ ಅದು ಸಣ್ಣ ಸಂಗತಿಯಲ್ಲ.

ಕೊಳ್ಳಬೇಕೋ ಬೇಡವೋ? ಮೈಕ್ರೋಸ್ಕೋಪ್, ಸೆಂಟ್ರಿಫ್ಯೂಜ್ ಎರಡೂ ಇರುವ ಕಾಲೇಜಿನವರು, ಲ್ಯಾಬಿನವರು ಧಾರಾಳವಾಗಿ ಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ತರಿಸಬೇಡಿ, ದೀಪಾವಳಿ ಆದ ಮೇಲೆ ತರಿಸಿ. ಮನೆಯಲ್ಲಿ ಮಕ್ಕಳಿಗೆ ಉಡುಗೊರೆ ಕೊಡುವ ಆಲೋಚನೆಯಿದ್ದರೆ ಬೇಡ. ಮೊದಲ ಚಿಪ್‌ನ ಕೆಂಪು ನೀಲಿ ಬಿಟ್ಟರೆ ಬರಿಗಣ್ಣಿಗೆ ಹೆಚ್ಚೇನೂ ಕಾಣದು. ಗ್ಲೂಕೋಸ್ ತಪ್ಪನ್ನು ಕಂಪನಿಯವರಿಗೆ ಬರೆದು ಕಳಿಸಿದೆ. ಮುಂದಿನ ಕೈಪಿಡಿಯಲ್ಲಿ ತಿದ್ದುತ್ತೇವೆ ಅಂದರು. ‘ಬಂದೀಖಾನೆ’ಯನ್ನೂ ತಿದ್ದಿ ಅಂದೆ, ಅದಕ್ಕೆ ಉತ್ತರ ಬಂದಿಲ್ಲ. ಚಿಪ್ ಬಿಡಿಯಾಗಿಯೂ ಕೊಡುತ್ತಾರಂತೆ, ಒಂದಕ್ಕೆ 1,800. ಎರಡಕ್ಕೆ ಆರ್ಡರ್ ಹಾಕಿದ್ದೇನೆ. ಹಳೆಯದನ್ನು ಲ್ಯಾಬಿನ ಹುಡುಗ ಅಭ್ಯಾಸಬಲದಿಂದ ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟಿನಲ್ಲಿ ರಾತ್ರಿಯಿಡೀ ನೆನೆಹಾಕಿಬಿಟ್ಟ. ಈಗ ಹನಿಗಳು ಗೋಡೆ ಬಿಟ್ಟು ಕದಲುತ್ತಿಲ್ಲ.